ಆರ್‌ಪಿಜಿ ಪ್ರೋಟೋಟೈಪು, ಕಾಪಿ ಮೆಂಬರು: ಪದೇ ಪದೇ ಕೇಳೋ ಪ್ರಶ್ನೆಗಳು

ಐಬಿಎಂ ಐ (ಐಬಿಎಂ ಬಿಸಿನೆಸ್ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಮ್) ಮೇಲೆ ಆರ್‌ಪಿಜಿ ಭಾಷೇಲಿ ಬರ್ದಿರೋ ಹಳೇ ಬಿಸಿನೆಸ್ ಕೋಡ್ ನೋಡ್ಕೊಳ್ಳೋರು ಫೋನಲ್ಲಿ, ಇಮೇಲಲ್ಲಿ, ಟೀ ಬ್ರೇಕಲ್ಲಿ ನನ್ನ ಹತ್ರ ಕೇಳ್ತಾನೇ ಇರೋ ಪ್ರಶ್ನೆಗಳು ಇವು. ಕೇಳಿದವರ ಮಾತಲ್ಲೇ ಇಟ್ಟಿದೀನಿ, ತಿದ್ದೋಕೆ ಹೋಗಿಲ್ಲ. ಕೀವರ್ಡ್‌ಗಳನ್ನ ಓದೋಕೆ ಸಲೀಸಾಗ್ಲಿ ಅಂತ ಕನ್ನಡದಲ್ಲೇ ಬರ್ದಿದೀನಿ, ಎಡಿಟರಲ್ಲಿ ಹೆಂಗೆ ಹೊಡೀಬೇಕು ಅಂತ ನಿಮಗೆ ಗೊತ್ತೇ ಇದೆ.

## ಮೊದಲಿಂದ

ಕಾಲ್ ಮತ್ತೆ ಪಾರ್ಮ್ ಹಾಕಿ ಇಷ್ಟು ವರ್ಷ ಕೆಲಸ ಆಗಿದೆ, ಪ್ರೋಟೋಟೈಪ್ ಯಾಕೆ ಬೇಕು?

ಕೆಲಸ ಆಗಿದೆ ನಿಜ, ಆದ್ರೆ ಕಂಪೈಲರ್ ಅಲ್ಲಿ ಏನನ್ನೂ ನೋಡಿಲ್ಲ. ಹಳೇ ಕಾಲ್ ಆಪ್‌ಕೋಡ್ (ಇನ್ನೊಂದು ಪ್ರೋಗ್ರಾಂ ಕರೆಯೋ ಆಜ್ಞೆ) ಕೆಳಗೆ ನಾಲ್ಕು ಪಾರ್ಮ್ (ಪ್ಯಾರಾಮೀಟರ್) ಬದಲು ಮೂರು ಕೊಟ್ರೂ, 10 ಅಕ್ಷರದ ಜಾಗದಲ್ಲಿ 6 ಅಕ್ಷರದ ವೇರಿಯಬಲ್ ಕೊಟ್ರೂ ಕಂಪೈಲ್ ಆಗುತ್ತೆ. ಯಾಕಂದ್ರೆ ಅಲ್ಲಿ ಹೋಗೋದು ಬರೀ ಅಡ್ರೆಸ್ ಅಷ್ಟೇ, ಆ ಅಡ್ರೆಸ್‌ನಲ್ಲಿ ಎಷ್ಟು ಬೈಟ್ ಇದೆ ಏನ್ ಟೈಪ್ ಇದೆ ಅನ್ನೋದು ಕರೆಸ್ಕೊಂಡ ಪ್ರೋಗ್ರಾಂ ತನಗೆ ತಾನೇ ಊಹೆ ಮಾಡ್ಕೊಳ್ಳೋದು. ಪ್ರೋಟೋಟೈಪ್ ಅಂದ್ರೆ ಆ ಊಹೆನ ಮೊದಲೇ ಬರ್ದಿಡೋದು: ಈ ಪ್ರೋಗ್ರಾಂಗೆ ಇಷ್ಟು ಪ್ಯಾರಾಮೀಟರ್, ಇಂಥ ಟೈಪ್, ಇಷ್ಟು ಉದ್ದ, ಇದನ್ನ ಅದು ಬದಲಾಯಿಸುತ್ತೆ, ಇದನ್ನ ಬದಲಾಯಿಸಲ್ಲ. ಅದು ಇದ್ರೆ ತಪ್ಪು ಕಂಪೈಲ್‌ನಲ್ಲೇ ಸಿಗುತ್ತೆ. ಇಲ್ದಿದ್ರೆ ತಿಂಗಳ ಕೊನೇ ದಿನ ರಾತ್ರಿ ಬ್ಯಾಚಲ್ಲಿ ಸಿಗುತ್ತೆ.

ಆರ್‌ಪಿಜಿ 4 ಬಂದಿದ್ದು 1994ರಲ್ಲಿ, ಆಪರೇಟಿಂಗ್ ಸಿಸ್ಟಮ್‌ನ ವಿ3ಆರ್1 ರಿಲೀಸ್ ಜೊತೆ. ಪ್ರೋಟೋಟೈಪು ಸಬ್‌ಪ್ರೊಸೀಜರು ಅದಾದ್ಮೇಲೆ ವಿ3ಆರ್2, ವಿ3ಆರ್6ನಲ್ಲಿ ಬಂತು. ಅಂದ್ರೆ ಇದು ಹೊಸ ಫ್ಯಾಷನ್ ಏನಲ್ಲ, ಸುಮಾರು ಮೂವತ್ತು ವರ್ಷದ ಹಳೇ ವಿಷ್ಯ.

ಪಿಆರ್ ಬೇರೆ ಪಿಐ ಬೇರೆನಾ? ಎರಡೂ ಒಂದೇ ಥರ ಕಾಣ್ತಾವಲ್ಲ

ಕಾಣ್ತಾವೆ, ಕಾಣ್ಲೇಬೇಕು ಕೂಡ. ಪಿಆರ್ ಅನ್ನೋದು ಕರೆಯೋರಿಗೆ, ಅಂದ್ರೆ ಪ್ರೋಟೋಟೈಪ್. ಪಿಐ ಅನ್ನೋದು ಕರೆಸ್ಕೊಳ್ಳೋರ ಮನೆ ಬಾಗಿಲು, ಪ್ರೊಸೀಜರ್ ಇಂಟರ್ಫೇಸ್, ಹಳೇ ಎಂಟ್ರಿ ಪಿಲಿಸ್ಟ್ (ಪ್ಯಾರಾಮೀಟರ್ ಪಟ್ಟಿ) ಇದ್ದ ಜಾಗದಲ್ಲಿ ಬಂದಿದ್ದು. ಪಿಆರ್‌ನಲ್ಲಿ ಪ್ಯಾರಾಮೀಟರ್ ಹೆಸರು ಬರೀ ಓದೋರಿಗೋಸ್ಕರ, ಅದು ವೇರಿಯಬಲ್ ಆಗಲ್ಲ. ಪಿಐನಲ್ಲಿ ಬರೆದ ಹೆಸರು ನಿಜವಾದ ವೇರಿಯಬಲ್ಲು, ಕೋಡಲ್ಲಿ ಅದನ್ನೇ ಬಳಸ್ತೀರಿ. ಎರಡೂ ಒಂದೇ ಕಂಪೈಲ್ ಒಳಗೆ ಇದ್ರೆ ಮಾತ್ರ ಕಂಪೈಲರ್ ಹೋಲಿಸಿ ನೋಡುತ್ತೆ, ಒಂದು ಕಡೆ ಉದ್ದ ಬೇರೆ ಆದ್ರೆ ಎರರ್ ಕೊಟ್ಟು ನಿಲ್ಸುತ್ತೆ. ಒಂದೇ ಕಂಪೈಲ್ ಒಳಗೆ ಅನ್ನೋ ಮಾತನ್ನ ನೆನಪಿಟ್ಕೊಳ್ಳಿ, ಮುಂದೆ ಅರ್ಧ ಪ್ರಶ್ನೆಗೆ ಅದೇ ಉತ್ತರ.

ನನ್ನ ಪ್ರೋಗ್ರಾಂ ಒಳಗೇ ಪಿಆರ್ ಟೈಪ್ ಮಾಡ್ಕೊಂಡ್ರೆ ಏನ್ ತಪ್ಪು? ಐದೇ ಲೈನ್ ತಾನೆ

ಐದು ಲೈನ್ ಬರೆಯೋದಲ್ಲ ಕಷ್ಟ, ಆ ಐದು ಲೈನ್ ಎಲ್ಲೆಲ್ಲಿ ಬರ್ದಿದೆ ಅಂತ ಆಮೇಲೆ ಹುಡುಕೋದು ಕಷ್ಟ. ನಾನು ಹಿಂದೆ ಇದ್ದ ಒಂದು ಕಡೆ ನಡೆದಿದ್ದು ಹೇಳ್ತೀನಿ. ರೇಟ್ ಲೆಕ್ಕ ಹಾಕೋ ಒಂದು ಪ್ರೋಗ್ರಾಂ, ಒಂದು ಪ್ಯಾರಾಮೀಟರ್ ಪ್ಯಾಕ್ಡ್ (ಒಂದು ಬೈಟಲ್ಲಿ ಎರಡು ಅಂಕಿ ಕೂರ್ಸೋ ನಂಬರ್ ಟೈಪ್) 9 ಅಂಕಿ 2 ಡೆಸಿಮಲ್. ಮೂರು ಜನ ಕರೆಯೋರು, ಮೂವರೂ ತಮ್ಮ ತಮ್ಮ ಸೋರ್ಸಲ್ಲೇ ಪಿಆರ್ ಟೈಪ್ ಮಾಡ್ಕೊಂಡಿದ್ರು. ಒಂದಿನ ರೇಟ್‌ಗೆ ಮೂರು ಡೆಸಿಮಲ್ ಬೇಕು ಅಂತ ಪ್ರೋಗ್ರಾಂ ಒಳಗೆ 9 ಅಂಕಿ 3 ಡೆಸಿಮಲ್ ಮಾಡಿದ್ವಿ, ಇಬ್ಬರು ಕರೆಯೋರನ್ನ ತಿದ್ದಿದ್ವಿ, ಮೂರನೇದು ಪಿಆರ್‌ಗೆ ಬೇರೇನೋ ಹೆಸರಿಟ್ಕೊಂಡಿತ್ತು, ಹುಡುಕಿದಾಗ ಸಿಗ್ಲಿಲ್ಲ.

ಇಲ್ಲಿ ಮಜಾ ನೋಡಿ. 9 ಅಂಕಿ ಪ್ಯಾಕ್ಡ್ ಅಂದ್ರೆ 5 ಬೈಟ್, ಡೆಸಿಮಲ್ 2 ಇರ್ಲಿ 3 ಇರ್ಲಿ ಅಷ್ಟೇ ಬೈಟು, ಡೆಸಿಮಲ್ ಪಾಯಿಂಟ್ ಮೆಮೊರಿಯಲ್ಲಿ ಇರೋದೇ ಇಲ್ಲ. ಮೂರನೇ ಪ್ರೋಗ್ರಾಂ 1250.00 ಕಳಿಸ್ತು ಅಂದ್ಕೊಳ್ಳಿ, ಮೆಮೊರಿಯಲ್ಲಿ ಹೋಗಿದ್ದು 000125000 ಅನ್ನೋ 9 ಅಂಕಿ ಮತ್ತೆ ಕೊನೇಲಿ ಸೈನ್. ಈ ಕಡೆ ಅದನ್ನ ಮೂರು ಡೆಸಿಮಲ್ ಅಂತ ಓದಿದ್ರೆ 125.000. ಎರರ್ ಇಲ್ಲ, ಡಂಪ್ ಇಲ್ಲ, ಜಾಬ್ ಲಾಗ್‌ನಲ್ಲಿ ಒಂದು ಮೆಸೇಜ್ ಇಲ್ಲ, ಹತ್ತರಲ್ಲಿ ಒಂದು ಭಾಗ ರೇಟು ಅಷ್ಟೇ. ಉದ್ದನೇ ತಪ್ಪಾಗಿದ್ರೆ ಡೆಸಿಮಲ್ ಡೇಟಾ ಎರರ್ ಆದ್ರೂ ಬಂದು ಬಾಯಿ ಬಡ್ಕೋತಿತ್ತು. ಇದು ಸುಮ್ನೆ ತಪ್ಪು ಲೆಕ್ಕ ಕೊಡ್ತಾ ಕೂತಿತ್ತು. ಸಿಕ್ಕಿದ್ದು ಮೂರು ವಾರ ಆದ್ಮೇಲೆ, ಅದೂ ಯಾರೋ ಕೈಲಿ ಕೂಡಿ ನೋಡಿದ್ದಕ್ಕೆ.

ಅವತ್ತಿಂದ ನನ್ನದೊಂದೇ ಹಠ: ಒಂದು ಇಂಟರ್ಫೇಸ್‌ಗೆ ಪಿಆರ್ ಇಡೀ ಸಿಸ್ಟಮಲ್ಲಿ ಒಂದೇ ಕಡೆ, ಒಂದು ಕಾಪಿ ಮೆಂಬರಲ್ಲಿ (ಕಾಪಿಬುಕ್ ಅಂತಾನೂ ಕರೀತಾರೆ, ಕಂಪೈಲ್ ಆಗುವಾಗ ಬೇರೆ ಸೋರ್ಸ್ ಒಳಗೆ ಎಳ್ಕೊಳ್ಳೋ ಸೋರ್ಸ್ ತುಂಡು) ಇರ್ಬೇಕು. ಕರೆಯೋರೆಲ್ಲ ಅದನ್ನ ಕಾಪಿ ಮಾಡ್ಕೋಬೇಕು, ಆ ಪ್ರೋಗ್ರಾಂ ತಾನೂ ಅದನ್ನ ಕಾಪಿ ಮಾಡ್ಕೋಬೇಕು. ಎರಡನೇ ಅರ್ಧ ತುಂಬ ಜನ ಮರೀತಾರೆ. ಕರೆಯೋರು ಮಾತ್ರ ಕಾಪಿಬುಕ್ ತಗೊಂಡು, ಬರೆದವರು ತಗೊಳ್ದಿದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಂಗೆ ಆಗುತ್ತೆ, ಪಿಆರ್ ಒಂದು ಹೇಳುತ್ತೆ ಪಿಐ ಇನ್ನೊಂದು ಹೇಳುತ್ತೆ, ನಡುವೆ ಕೇಳೋರೇ ಇಲ್ಲ.

7.1 ಇಂದ ಪ್ರೋಟೋಟೈಪ್ ಬೇಕಾಗಿಲ್ಲ ಅಂತ ಓದಿದೆ, ಹಂಗಾದ್ರೆ ಇದೆಲ್ಲ ಯಾಕೆ?

ಅರ್ಧ ಸರಿ ಓದಿದೀರಿ. 7.1 ರಿಲೀಸಿಂದ, ಪಿಐ ಇದ್ದು ಪಿಆರ್ ಇಲ್ದಿದ್ರೆ ಕಂಪೈಲರ್ ಪಿಐ ನೋಡೇ ಸುಧಾರಿಸ್ಕೊಳ್ಳುತ್ತೆ. ಇದು ಒಂದೇ ಸೋರ್ಸ್ ಒಳಗಿನ ಲೋಕಲ್ ಸಬ್‌ಪ್ರೊಸೀಜರ್‌ಗಳಿಗೆ ದೊಡ್ಡ ಉಪಕಾರ. ಮೊದಲು ಹತ್ತು ಸಣ್ಣ ಪ್ರೊಸೀಜರ್ ಬರೆದ್ರೆ ಹತ್ತು ಪಿಆರ್ ಮೇಲೆ ತಂದು ಇಡ್ಬೇಕಿತ್ತು, ಅದು ಬರೀ ನಕಲು ಕೆಲಸ, ಈಗ ಅದನ್ನ ಅಳಿಸಿ ಬಿಸಾಕಿ.

ಆದ್ರೆ ಹೊರಗಿನೋರು ಕರೆಯೋ ಪ್ರೊಸೀಜರ್‌ಗೂ ಇದೇ ಸಡಿಲ ಸಿಕ್ಬಿಡುತ್ತೆ, ಅದೇ ಅಪಾಯ. ಮಾಡ್ಯೂಲ್ ಸೋರ್ಸಲ್ಲಿ ಕಾಪಿಬುಕ್ ಲೈನ್ ಮರೆತ್ರೂ ಕಂಪೈಲ್ ಆಗುತ್ತೆ, ಹೋಲಿಕೆ ನಡೆಯೋದೇ ಇಲ್ಲ. ಹೊಸ ಕಂಪೈಲರ್‌ಗಳಲ್ಲಿ ಇದಕ್ಕೆ ಮದ್ದಿದೆ, ಕಂಟ್ರೋಲ್ ಸ್ಪೆಕ್‌ನಲ್ಲಿ (ಸೋರ್ಸ್ ತಲೇಲಿ ಇಡೀ ಕಂಪೈಲ್‌ಗೆ ಅನ್ವಯ ಆಗೋ ಲೈನು) ರೆಕ್‌ಪ್ರೆಕ್ಸ್ಪ್ ಅಂತ ಒಂದು ಕೀವರ್ಡ್, ಅದಕ್ಕೆ ರಿಕ್ವೈರ್ ಅಂತ ಕೊಟ್ರೆ ಎಕ್ಸ್‌ಪೋರ್ಟ್ ಆದ ಪ್ರೊಸೀಜರ್‌ಗೆ ಪಿಆರ್ ಕಾಣ್ದಿದ್ರೆ ಕಂಪೈಲ್ ಬಿಡಲ್ಲ. ನಿಮ್ಮ ಪಿಟಿಎಫ್ (ಐಬಿಎಂ ಕೊಡೋ ಫಿಕ್ಸ್) ಲೆವೆಲ್‌ನಲ್ಲಿ ಅದು ಸಿಕ್ರೆ ಎರಡು ಯೋಚ್ನೆ ಇಲ್ದೆ ಹಾಕಿ.

ಸ್ಲ್ಯಾಶ್ ಕಾಪಿನಾ ಸ್ಲ್ಯಾಶ್ ಇನ್‌ಕ್ಲೂಡಾ, ಯಾವುದು ಸರಿ?

ಆರ್‌ಪಿಜಿ ಕಂಪೈಲರ್‌ಗೆ ಎರಡೂ ಒಂದೇ. ವ್ಯತ್ಯಾಸ ಬರೋದು ಎಸ್‌ಕ್ಯೂಎಲ್ ಇರೋ ಸೋರ್ಸಲ್ಲಿ. ಪ್ರೀಕಂಪೈಲರ್ ಡೀಫಾಲ್ಟ್ ಸೆಟ್ಟಿಂಗಲ್ಲಿ ಕಾಪಿನ ಬಿಡಿಸಿ ನೋಡುತ್ತೆ, ಇನ್‌ಕ್ಲೂಡ್ ಮುಟ್ಟದೆ ಕಂಪೈಲರ್‌ಗೆ ಬಿಡುತ್ತೆ, ಮತ್ತೆ ಕಾಪಿ ಒಳಗೆ ಇನ್ನೊಂದು ಕಾಪಿ ಇದ್ರೆ ಅದಕ್ಕೆ ಜೀರ್ಣ ಆಗಲ್ಲ. ಅದಕ್ಕೇ ಹಳಬರು ಒಂದು ರೂಢಿ ಮಾಡ್ಕೊಂಡ್ರು: ಎಸ್‌ಕ್ಯೂಎಲ್ ಸ್ಟೇಟ್‌ಮೆಂಟಲ್ಲಿ ಬಳಸೋ ವೇರಿಯಬಲ್ ಇರೋ ಮೆಂಬರ್‌ಗೆ ಕಾಪಿ, ಬರೀ ಪ್ರೋಟೋಟೈಪ್ ಇರೋದಕ್ಕೆ ಇನ್‌ಕ್ಲೂಡ್. ಈಗ ಕಂಪೈಲ್ ಕಮಾಂಡಲ್ಲಿ ಆರ್‌ಪಿಜಿ ಪ್ರೀಪ್ರೊಸೆಸರ್ ಆಪ್ಷನ್ ಲೆವೆಲ್ 2 ಕೊಟ್ರೆ ಎರಡನ್ನೂ ಮೊದಲೇ ಬಿಡಿಸಿ ಕೊಡುತ್ತೆ. ನಾನಂತೂ ಕಮಾಂಡ್ ಡೀಫಾಲ್ಟನ್ನೇ ಬದಲಾಯಿಸಿ ಮರ್ತುಬಿಟ್ಟಿದೀನಿ.

## ದಿನಾ ಕಾಡೋವು

ಎಲ್ಲಾ ಪ್ರೋಟೋಟೈಪ್ ಒಂದೇ ದೊಡ್ಡ ಮೆಂಬರ್‌ಗೆ ಹಾಕ್ಬಿಡ್ಲಾ? ಒಂದೇ ಲೈನ್ ಕಾಪಿ, ತಲೆನೋವಿಲ್ಲ

ಮೊದಲ ವರ್ಷ ತಲೆನೋವಿಲ್ಲ. ಆಮೇಲೆ ಇಬ್ಬರು ಒಂದೇ ದಿನ ಆ ಮೆಂಬರ್ ಬೇಕು ಅಂತಾರೆ, ಒಬ್ಬರು ಲಾಕ್ ಹಿಡ್ಕೊಂಡು ಊಟಕ್ಕೆ ಹೋಗಿರ್ತಾರೆ. ಚೇಂಜ್ ಮ್ಯಾನೇಜ್‌ಮೆಂಟ್ ಟೂಲ್ ಇದ್ರೆ ಇನ್ನೂ ಕಷ್ಟ, ಆ ಮೆಂಬರ್‌ನ ಒಂದು ಅಕ್ಷರ ಮುಟ್ಟಿದ್ರೂ ಇಡೀ ಸಿಸ್ಟಮ್ ಅದರ ಮೇಲೆ ಅವಲಂಬಿಸಿದೆ ಅಂತ ಟೂಲ್ ಹೇಳುತ್ತೆ, ರೀಕಂಪೈಲ್ ಪಟ್ಟಿ ನೋಡಿದ್ರೆ ಗಾಬರಿ ಆಗುತ್ತೆ. ನಿಜವಾಗ್ಲೂ ಯಾರಿಗೆ ಏಟು ಬೀಳುತ್ತೆ ಅನ್ನೋ ಮಾಹಿತಿನೇ ಕಳ್ದೋಗುತ್ತೆ.

ಇದಕ್ಕೆ ಉಲ್ಟಾ, ಒಂದು ಪ್ರೊಸೀಜರ್‌ಗೆ ಒಂದು ಮೆಂಬರ್ ಮಾಡೋರೂ ಇದಾರೆ. ಸೋರ್ಸ್ ಮೇಲ್ಗಡೆ ಮೂವತ್ತು ಕಾಪಿ ಲೈನು. ಅದೂ ಬೇಡ.

ನನ್ನ ಅಭ್ಯಾಸ ಹಿಂಗೆ: ಸರ್ವೀಸ್ ಪ್ರೋಗ್ರಾಂ (ಬೇರೆ ಪ್ರೋಗ್ರಾಂಗಳು ಹಂಚ್ಕೊಂಡು ಬಳಸೋ ಪ್ರೊಸೀಜರ್‌ಗಳ ಗುಂಪು) ಒಂದಕ್ಕೆ ಕಾಪಿ ಮೆಂಬರ್ ಒಂದು, ಯಾಕಂದ್ರೆ ಅದೆಲ್ಲ ಹೆಂಗೂ ಒಟ್ಟಿಗೆ ಬದಲಾಗುತ್ತೆ ಒಟ್ಟಿಗೆ ರಿಲೀಸ್ ಆಗುತ್ತೆ. ಬಿಡಿ ಪ್ರೋಗ್ರಾಂಗಳಿಗೆ, ಅಂದ್ರೆ ಎಕ್ಸ್ಟ್‌ಪಿಜಿಎಂ ಹಾಕಿ ಕರೆಯೋವಕ್ಕೆ, ಪ್ರೋಗ್ರಾಂ ಒಂದಕ್ಕೆ ಮೆಂಬರ್ ಒಂದು. ಸಿಸ್ಟಮ್ ಎಪಿಐಗಳಿಗೆ ಮಾತ್ರ ಎಲ್ಲಾ ಸೇರ್ಸಿ ಒಂದೋ ಎರಡೋ ಮೆಂಬರ್ ಇಡ್ತೀನಿ, ಅವು ಬದಲಾಗೋದೇ ಇಲ್ವಲ್ಲ. ಐಬಿಎಂ ಕೊಡೋ ಕ್ಯೂಸಿಸ್‌ಇಂಕ್ ಲೈಬ್ರರಿಯ ಆರ್‌ಪಿಜಿ ಮೆಂಬರ್‌ಗಳಲ್ಲಿ ಹೆಚ್ಚಾಗಿ ಸಿಗೋದು ಎರರ್ ಕೋಡ್ ಥರದ ಡೇಟಾ ಸ್ಟ್ರಕ್ಚರ್‌ಗಳು, ಪಿಆರ್ ನೀವೇ ಬರ್ಕೋಬೇಕು.

ಮೆಂಬರ್ ಹೆಸರು ಏನಿಡೋದು, ಎಲ್ಲಿಡೋದು? 10 ಅಕ್ಷರದಲ್ಲಿ ಏನೂ ಹಿಡಿಯಲ್ಲ

ಹಿಡಿಯಲ್ಲ, ಒಪ್ಪಿದೆ. ಆದ್ರೂ ಕಾಪಿ ಮೆಂಬರ್‌ಗೆ ಸರ್ವೀಸ್ ಪ್ರೋಗ್ರಾಂದೇ ಹೆಸರಿಡಿ, ಬೇರೆ ಸೋರ್ಸ್ ಫೈಲಲ್ಲಿ ಇಡಿ. ಕೋಡ್ ಒಂದು ಸೋರ್ಸ್ ಫೈಲಲ್ಲಿ, ಪ್ರೋಟೋಟೈಪ್‌ಗೇ ಅಂತ ಇನ್ನೊಂದು ಸೋರ್ಸ್ ಫೈಲು, ಬೈಂಡರ್ ಸೋರ್ಸ್ (ಸರ್ವೀಸ್ ಪ್ರೋಗ್ರಾಂ ಹೊರಗೆ ಬಿಡೋ ಹೆಸರುಗಳ ಪಟ್ಟಿ) ಮೂರನೇದು, ಮೂರರಲ್ಲೂ ಒಂದೇ ಮೆಂಬರ್ ಹೆಸರು. ಆಗ ಹೆಸರು ನೋಡಿದ ತಕ್ಷಣ ಯಾವ್ದಕ್ಕೆ ಯಾವ್ದು ಅಂತ ಗೊತ್ತಾಗುತ್ತೆ, ಪಿಆರ್ ಅಂತ ಬಾಲ ಅಂಟಿಸೋಕೆ 10ರಲ್ಲಿ 2 ಅಕ್ಷರ ಖರ್ಚು ಮಾಡ್ಬೇಕಿಲ್ಲ. ಸೋರ್ಸ್ ಫೈಲ್ ಮಾಡುವಾಗ ರೆಕಾರ್ಡ್ ಉದ್ದ 112 ಕೊಡಿ, ಡೀಫಾಲ್ಟ್ 92 ಬಿಟ್ರೆ ಕೋಡ್‌ಗೆ 80 ಕಾಲಂ ಅಷ್ಟೇ ಸಿಗೋದು, ಬಲಗಡೆ ಬರೆದ ಕಾಮೆಂಟ್ ಕತ್ತರಿಸಿ ಹೋಗುತ್ತೆ.

ಕಾಪಿ ಲೈನಲ್ಲಿ ಲೈಬ್ರರಿ ಹೆಸರು ಹಾಕ್ಬೇಡಿ ದಯವಿಟ್ಟು. ಹಾಕಿದ್ರೆ ಟೆಸ್ಟಲ್ಲಿ ಕಂಪೈಲ್ ಮಾಡಿದ್ರೂ ಪ್ರೊಡಕ್ಷನ್ ಕಾಪಿಬುಕ್ಕೇ ಬರುತ್ತೆ. ಸೋರ್ಸ್ ಫೈಲ್, ಮೆಂಬರ್ ಅಷ್ಟೇ ಬರೀರಿ, ಉಳಿದಿದ್ದು ಲೈಬ್ರರಿ ಲಿಸ್ಟ್ (ಯಾವ ಲೈಬ್ರರಿಗಳಲ್ಲಿ ಹುಡುಕ್ಬೇಕು ಅನ್ನೋ ಪಟ್ಟಿ) ನೋಡ್ಕೊಳ್ಳುತ್ತೆ.

ಒಂದೇ ಮೆಂಬರ್ ಎರಡು ದಾರಿಯಿಂದ ಬಂದು ಡೂಪ್ಲಿಕೇಟ್ ಡೆಫಿನಿಷನ್ ಅಂತ ನೂರು ಎರರ್ ಬರ್ತಿದೆ

ಪ್ರತಿ ಕಾಪಿ ಮೆಂಬರ್ ತಲೆ ಮೇಲೆ ಈ ನಾಲ್ಕು ಲೈನ್ ಇರ್ಲಿ:

```
/ಇಫ್ ಡಿಫೈನ್ಡ್(ಆರ್ಡರ್_ಪ್ರೋಟೊ)
/ಇಒಎಫ್
/ಎಂಡಿಫ್
/ಡಿಫೈನ್ ಆರ್ಡರ್_ಪ್ರೋಟೊ
```

ಮೊದಲ ಸಲ ಬಂದಾಗ ಆ ಹೆಸರು ಡಿಫೈನ್ ಆಗಿರಲ್ಲ, ಮುಂದೆ ಹೋಗುತ್ತೆ. ಎರಡನೇ ಸಲ ಬಂದ್ರೆ ಇಒಎಫ್ ಹತ್ರಾನೇ ಆ ಮೆಂಬರ್ ಓದೋದು ನಿಲ್ಲುತ್ತೆ. ಹೆಸರು ಮಾತ್ರ ಮೆಂಬರ್‌ಗೆ ಒಂದೊಂದು ಬೇರೆ ಇರ್ಬೇಕು. ಹಳೇ ಮೆಂಬರ್ ಕಾಪಿ ಹೊಡ್ದು ಹೊಸದು ಮಾಡಿ ಈ ಹೆಸರು ಬದಲಾಯಿಸೋದು ಮರೆತ್ರೆ ಎರಡನೇ ಮೆಂಬರ್ ಪೂರ್ತಿ ಮಾಯ ಆಗುತ್ತೆ, ಪಿಆರ್ ಕಣ್ಣ ಮುಂದೆ ಇದ್ರೂ ಡಿಫೈನ್ ಆಗಿಲ್ಲ ಅಂತ ಎರರ್ ಬರುತ್ತೆ. ಇದಕ್ಕೆ ನಾನೇ ಒಂದು ಮಧ್ಯಾಹ್ನ ಬಲಿ ಕೊಟ್ಟಿದೀನಿ.

ನಾನು ಬಳಸೋದು ಎರಡೇ, ಆದ್ರೆ ಕಾಪಿಬುಕ್ಕಲ್ಲಿ 80 ಪ್ರೊಸೀಜರ್ ಇದೆ. ಪ್ರೋಗ್ರಾಂ ದಪ್ಪ ಆಗಲ್ವಾ?

ಆಗಲ್ಲ. ಪಿಆರ್ ಅನ್ನೋದು ವಿವರಣೆ ಅಷ್ಟೇ, ಕರೆದ್ರೆ ಮಾತ್ರ ಆಬ್ಜೆಕ್ಟಲ್ಲಿ ರೆಫರೆನ್ಸ್ ಬೀಳುತ್ತೆ. ಕಂಪೈಲ್ ಲಿಸ್ಟಿಂಗ್ ಉದ್ದ ಆಗುತ್ತೆ, ಅಷ್ಟೇ ನಷ್ಟ. ಆದ್ರೆ ಕಾಪಿಬುಕ್ಕಲ್ಲಿ ನಿಜವಾದ ವೇರಿಯಬಲ್, ದೊಡ್ಡ ಅರೇ, ಫೈಲ್ ಡಿಕ್ಲೇರ್ ಮಾಡಿಟ್ರೆ ಅದು ಬೇರೆ ಕಥೆ, ಅವು ಜಾಗ ತಿನ್ನುತ್ತೆ. ಪ್ರೋಟೋಟೈಪ್ ಮೆಂಬರಲ್ಲಿ ಪಿಆರ್, ಟೆಂಪ್ಲೇಟ್, ಕಾನ್‌ಸ್ಟಂಟ್ ಈ ಮೂರು ಬಿಟ್ಟು ಏನೂ ಇರ್ಬಾರ್ದು.

ಪ್ಯಾರಾಮೀಟರ್ ಒಂದು ದೊಡ್ಡ ಡೇಟಾ ಸ್ಟ್ರಕ್ಚರ್, ಅದನ್ನ ಪಿಆರ್ ಪಿಐ ಎರಡರಲ್ಲೂ ಹೆಂಗೆ ಬರ್ಯೋದು?

ಟೆಂಪ್ಲೇಟ್ ಮಾಡಿ. ವಿ6ಆರ್1ರಿಂದ, ಅಂದ್ರೆ 2008ರಿಂದ, ಟೆಂಪ್ಲೇಟ್ ಕೀವರ್ಡ್ ಇದೆ. ಡೇಟಾ ಸ್ಟ್ರಕ್ಚರ್‌ನ ಕ್ವಾಲಿಫೈಡ್ ಮತ್ತೆ ಟೆಂಪ್ಲೇಟ್ ಅಂತ ಡಿಕ್ಲೇರ್ ಮಾಡಿದ್ರೆ ಅದು ಮೆಮೊರಿ ತಗೊಳ್ಳಲ್ಲ, ಬರೀ ಅಚ್ಚು. ಪಿಆರ್‌ನಲ್ಲಿ, ಪಿಐನಲ್ಲಿ, ಕರೆಯೋರ ವೇರಿಯಬಲ್‌ನಲ್ಲಿ ಎಲ್ಲಾ ಕಡೆ ಲೈಕ್‌ಡಿಎಸ್ ಹಾಕಿ ಅದೇ ಅಚ್ಚು ತೋರ್ಸಿ. ಬಿಡಿ ಫೀಲ್ಡ್‌ಗೂ ಇದನ್ನೇ ಮಾಡಿ, ಕಸ್ಟಮರ್ ನಂಬರ್ 8 ಅಕ್ಷರ ಅಂತ ಒಂದೇ ಕಡೆ ಟೆಂಪ್ಲೇಟ್, ಉಳಿದ ಕಡೆ ಲೈಕ್. ನಾಳೆ 10 ಅಕ್ಷರ ಆದ್ರೆ ಒಂದು ಲೈನ್ ತಿದ್ದಿ ರೀಕಂಪೈಲ್.

ಒಂದು ಆಸೆ ಎಲ್ರಿಗೂ ಬರುತ್ತೆ: ಎಕ್ಸ್ಟ್‌ನೇಮ್ ಹಾಕಿ ಡೇಟಾಬೇಸ್ ಫೈಲ್‌ನ ರೆಕಾರ್ಡನ್ನೇ ಪ್ಯಾರಾಮೀಟರ್ ಮಾಡ್ಬಿಡೋಣ, ಟೈಪ್ ಮಾಡೋ ಕೆಲಸ ಉಳೀತು ಅಂತ. ನಾನು ಬೇಡ ಅಂತೀನಿ. ಫೈಲ್‌ಗೆ ಒಂದು ಫೀಲ್ಡ್ ಸೇರಿದ್ರೆ ಹಳೇ ಪ್ರೋಗ್ರಾಂ ಫೈಲ್ ತೆಗೆಯುವಾಗ ಲೆವೆಲ್ ಚೆಕ್ (ಫೈಲ್ ರೂಪ ಬದಲಾಗಿದೆಯಾ ಅನ್ನೋ ತಪಾಸಣೆ) ಎರರ್ ಬಂದು ನಿಲ್ಲುತ್ತೆ, ಅದು ಒಳ್ಳೇದೇ. ಪ್ಯಾರಾಮೀಟರ್‌ಗೆ ಲೆವೆಲ್ ಚೆಕ್ ಅನ್ನೋದೇ ಇಲ್ಲ. ಫೈಲ್ ಓಪನ್ ಮಾಡದೇ ಬರೀ ಆ ಸ್ಟ್ರಕ್ಚರ್ ಕಳಿಸೋ ಪ್ರೋಗ್ರಾಂ ಹಳೇ ಉದ್ದದಲ್ಲೇ ಕಳಿಸ್ತಾ ಇರುತ್ತೆ, ಈ ಕಡೆಯವರು ಹೊಸ ಉದ್ದ ಅಂತ ಓದ್ತಾರೆ, ಬಾಲದಲ್ಲಿ ಪಕ್ಕದ ಮೆಮೊರಿ. ಓದೋದಾದ್ರೂ ಪರ್ವಾಗಿಲ್ಲ, ಬರೆದ್ರೆ ಕರೆದವರ ಇನ್ನೊಂದು ವೇರಿಯಬಲ್ ಕೆಡುತ್ತೆ, ಎಂಟು ಸಾವಿರ ಲೈನ್ ಆಚೆ ಅದು ಹೊಗೆ ಹಾಕುತ್ತೆ.

ಕಾನ್ಸ್ಟ್, ವ್ಯಾಲ್ಯೂ ಯಾವಾಗ ಹಾಕೋದು?

ಕರೆಸ್ಕೊಂಡವರು ಬದಲಾಯಿಸಲ್ಲ ಅಂತ ಗ್ಯಾರಂಟಿ ಇದ್ರೆ ಕಾನ್ಸ್ಟ್ ಹಾಕಿ, ಕಣ್ಣು ಮುಚ್ಕೊಂಡು ಹಾಕಿ. ಆಗ ಕರೆಯೋರು ಲಿಟರಲ್ ಕೊಡ್ಬಹುದು, ಎಕ್ಸ್‌ಪ್ರೆಷನ್ ಕೊಡ್ಬಹುದು, ಬೇರೆ ಉದ್ದದ ನಂಬರ್ ಕೊಡ್ಬಹುದು, ಕಂಪೈಲರ್ ಒಂದು ಟೆಂಪರರಿ ಮಾಡಿ ಸರಿಯಾದ ಅಳತೆಗೆ ತಂದು ಕಳಿಸುತ್ತೆ. ಕಾನ್ಸ್ಟ್ ಇಲ್ದಿದ್ರೆ ಟೈಪ್ ಹೊಂದ್ಬೇಕು, ನಂಬರ್ ಆದ್ರೆ ಉದ್ದಾನೂ ಕರಾರುವಾಕ್ಕಾಗಿ ಹೊಂದ್ಬೇಕು, ಅಕ್ಷರ ಆದ್ರೆ ಕಡ್ಮೆ ಉದ್ದ ಇರ್ಬಾರ್ದು. ವ್ಯಾಲ್ಯೂ ಪ್ರೊಸೀಜರ್‌ಗೆ ಮಾತ್ರ, ಎಕ್ಸ್ಟ್‌ಪಿಜಿಎಂ ಪಿಆರ್‌ಗೆ ನಡಿಯಲ್ಲ. ಪಿಆರ್ ಓದಿದ್ರೆ ಸಾಕು ಯಾವುದು ಒಳಗೆ ಹೋಗೋದು ಯಾವುದು ಹೊರಗೆ ಬರೋದು ಅಂತ ತಿಳೀಬೇಕು, ಕಾನ್ಸ್ಟ್‌ನ ದೊಡ್ಡ ಲಾಭ ನನ್ನ ಪ್ರಕಾರ ಅದೇ.

ಡಬಲ್ ಸ್ಟಾರ್ ಫ್ರೀ ಸೋರ್ಸಿಂದ ಹಳೇ ಡಿ ಸ್ಪೆಕ್ ಕಾಪಿಬುಕ್ ಎಳ್ಕೋಬಹುದಾ? ಎಲ್ಲಾ ಕನ್ವರ್ಟ್ ಮಾಡ್ಬೇಕಾ?

ಎಳ್ಕೋಬಹುದು, ಏನೂ ಕನ್ವರ್ಟ್ ಮಾಡ್ಬೇಡಿ. ಡಬಲ್ ಸ್ಟಾರ್ ಫ್ರೀ (ಕಾಲಂ ಲೆಕ್ಕ ಇಲ್ದೆ ಬರೆಯೋಕೆ ಮೊದಲ ಲೈನಲ್ಲಿ ಹಾಕೋದು) ಅನ್ನೋದು ಅದು ಇರೋ ಮೆಂಬರ್‌ಗೆ ಮಾತ್ರ ಅನ್ವಯ. ಪ್ರತಿ ಕಾಪಿ ಮೆಂಬರ್ ತನ್ನ ಮೊದಲ ಲೈನ್ ನೋಡಿ ತನ್ನ ಮೋಡ್ ನಿರ್ಧಾರ ಮಾಡುತ್ತೆ, ಮುಗಿದ್ಮೇಲೆ ಮತ್ತೆ ಕರೆದವರ ಮೋಡ್‌ಗೆ ವಾಪಸ್. ಉಲ್ಟಾನೂ ನಡಿಯುತ್ತೆ. ಮೊದಲ ಲೈನಲ್ಲಿ ಅದಿಲ್ಲದ ಕಾಪಿಬುಕ್ಕಲ್ಲಿ ಮಾತ್ರ ಫ್ರೀ ಡಿಕ್ಲರೇಷನ್ ಬರೆದ್ರೂ 8ನೇ ಕಾಲಂ ಇಂದ 80ರ ಒಳಗೇ ಇರ್ಬೇಕು.

## ಸ್ವಲ್ಪ ಆಳದ್ದು

ಹೊಸ ಪ್ಯಾರಾಮೀಟರ್ ಸೇರಿಸ್ಬೇಕು, ಕರೆಯೋರು 140 ಪ್ರೋಗ್ರಾಂ. ಎಲ್ಲಾ ರೀಕಂಪೈಲ್ ಮಾಡ್ಬೇಕಾ?

ಕೊನೇಲಿ ಸೇರ್ಸಿ, ಆಪ್ಷನ್ಸ್ ನೋಪಾಸ್ ಹಾಕಿದ್ರೆ ಬೇಡ. ಹಳಬರು ನಾಲ್ಕು ಕಳಿಸ್ತಾರೆ, ಹೊಸಬರು ಐದು ಕಳಿಸ್ತಾರೆ. ಆದ್ರೆ ಕರೆಸ್ಕೊಳ್ಳೋ ಕಡೆ ಐದನೇದನ್ನ ಮುಟ್ಟೋ ಮೊದ್ಲು ಎಷ್ಟು ಬಂದಿದೆ ಅಂತ ಪರ್ಸೆಂಟ್ ಪಾರ್ಮ್ಸ್ ನೋಡ್ಲೇಬೇಕು, 5 ಅಂತ ಕೈಲಿ ಬರೆಯೋ ಬದಲು ಪರ್ಸೆಂಟ್ ಪಾರ್ಮ್‌ನಮ್ ಜೊತೆ ಹೋಲ್ಸಿ. ನೋಡದೆ ಮುಟ್ಟಿದ್ರೆ ಕೆಲವು ಸಲ ಪಾಯಿಂಟರ್ ಎರರ್ ಬರುತ್ತೆ, ಕೆಲವು ಸಲ ಹಿಂದೆ ಯಾರೋ ಬಿಟ್ಟುಹೋದ ಅಡ್ರೆಸ್ ಇದ್ದು ಕೆಲಸ ಆದಂಗೂ ಕಾಣುತ್ತೆ. ಕೆಲಸ ಆದಂಗೆ ಕಾಣೋದೇ ಹೆಚ್ಚು ಅಪಾಯ.

ನೋಪಾಸ್ ಒಂದ್ಸಲ ಹಾಕಿದ್ಮೇಲೆ ಅದರ ನಂತರ ಬರೋದೆಲ್ಲ ನೋಪಾಸೇ ಆಗ್ಬೇಕು. ನಡುವಿನದನ್ನ ಬಿಟ್ಟು ಮುಂದಿನದನ್ನ ಕಳಿಸ್ಬೇಕು ಅಂದ್ರೆ ಆಮಿಟ್ ಕೂಡ ಸೇರ್ಸಿ, ಆ ಕಡೆ ಪರ್ಸೆಂಟ್ ಅಡ್ರ್ ನಲ್ಲಾ ಅಂತ ನೋಡಿ. ಇಂಥವು ಮೂರು ನಾಲ್ಕು ಸೇರಿ, ಕರೆ ನೋಡಿದ್ರೆ ಬರೀ ಆಮಿಟ್ ಆಮಿಟ್ ಅಂತ ಕಾಣೋಕೆ ಶುರುವಾದ್ರೆ ಹೊಸ ಹೆಸರಲ್ಲಿ ಹೊಸ ಪ್ರೊಸೀಜರ್ ಬರ್ದು ಹಳೇದು ಅದನ್ನ ಕರೆಯೋ ಹಂಗೆ ಮಾಡಿ.

ಇರೋ ಪ್ಯಾರಾಮೀಟರ್‌ನ ಟೈಪು ಉದ್ದ ಬದಲಾಯಿಸೋದಕ್ಕೆ ಇಂಥ ಅಡ್ಡದಾರಿ ಇಲ್ಲ. ಹೊಸ ಹೆಸರು, ಇಲ್ಲಾ 140 ರೀಕಂಪೈಲ್.

ಸರ್ವೀಸ್ ಪ್ರೋಗ್ರಾಂ ಸಿಗ್ನೇಚರ್ ಇದ್ಯಲ್ಲ, ಪ್ಯಾರಾಮೀಟರ್ ಬದಲಾದ್ರೆ ಅದೇ ಹಿಡಿಯಲ್ವಾ?

ಹಿಡಿಯಲ್ಲ! ಇದನ್ನ ಎಷ್ಟು ಸಲ ಹೇಳಿದ್ರೂ ಕಡ್ಮೆ. ಸಿಸ್ಟಮ್ ತಾನೇ ಮಾಡೋ ಸಿಗ್ನೇಚರ್ (ಕರೆಯೋರು ಸರ್ವೀಸ್ ಪ್ರೋಗ್ರಾಂಗೆ ಹೊಂದ್ತಾರಾ ಅಂತ ಹೋಲಿಸೋ ಗುರುತು) ಹುಟ್ಟೋದು ಎಕ್ಸ್‌ಪೋರ್ಟ್ ಆದ ಹೆಸರುಗಳಿಂದ ಮತ್ತೆ ಅವುಗಳ ಕ್ರಮದಿಂದ. ಪ್ಯಾರಾಮೀಟರ್ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಒಂದು ಪ್ರೊಸೀಜರ್‌ನ ನಾಲ್ಕೂ ಪ್ಯಾರಾಮೀಟರ್ ಅದಲು ಬದಲು ಮಾಡಿ, ಹೆಸರು ಮಾತ್ರ ಹಂಗೇ ಇಡಿ, ಸಿಗ್ನೇಚರ್ ಒಂದು ಚೂರೂ ಅಲ್ಲಾಡಲ್ಲ, ಹಳೇ ಪ್ರೋಗ್ರಾಂಗಳು ಸಲೀಸಾಗಿ ಬಂದು ಕಸ ಕೊಟ್ಟು ಹೋಗ್ತಾವೆ. ಅಲ್ಲಿ ಕಾವಲಿಗೆ ಇರೋದು ನಿಮ್ಮ ಕಾಪಿ ಮೆಂಬರ್ ಒಂದೇ.

ಇನ್ನೊಂದು ಕಡೆ, ಹೆಸರು ಸೇರ್ಸಿದ್ರೆ ಸಿಗ್ನೇಚರ್ ಬದಲಾಗುತ್ತೆ, ಬೆಳಿಗ್ಗೆ ಎಂಸಿಹೆಚ್4431 ಅಂತ ಎಲ್ಲಾ ಪ್ರೋಗ್ರಾಂ ಸಾಲಾಗಿ ಬೀಳ್ತಾವೆ. ಎಕ್ಸ್‌ಪೋರ್ಟ್ ಆಲ್ ಅಂತ ಸರ್ವೀಸ್ ಪ್ರೋಗ್ರಾಂ ಕಟ್ಟೋರಿಗೆ ಇದು ಖಾತ್ರಿ. ಬೈಂಡರ್ ಸೋರ್ಸ್ ಬರೀರಿ, ಹೊಸ ಹೆಸರನ್ನ ಯಾವಾಗ್ಲೂ ಪಟ್ಟಿ ಕೊನೇಲಿ ಸೇರ್ಸಿ, ಹಳೇ ಪಟ್ಟಿನ ಪ್ರೀವಿಯಸ್ ಬ್ಲಾಕ್ ಆಗಿ ಉಳಿಸ್ಕೊಳ್ಳಿ. ಇಲ್ಲಾಂದ್ರೆ ಸಿಗ್ನೇಚರ್‌ನ ನೀವೇ ಒಂದು ಸ್ಥಿರ ಹೆಸರಾಗಿ ಕೊಟ್ಬಿಡಿ, ಆಗ ಕ್ರಮ ಕೆಡಿಸಲ್ಲ ಅನ್ನೋ ಜವಾಬ್ದಾರಿ ಪೂರ್ತಿ ನಿಮ್ದು, ಯಾಕಂದ್ರೆ ಹಳೇ ಪ್ರೋಗ್ರಾಂಗಳು ಎಕ್ಸ್‌ಪೋರ್ಟನ್ನ ಹುಡುಕೋದು ಪಟ್ಟಿಯಲ್ಲಿ ಎಷ್ಟನೇದು ಅಂತ, ಹೆಸರು ನೋಡಿ ಅಲ್ಲ. ಕಾಪಿ ಮೆಂಬರಲ್ಲಿ ಪಿಆರ್‌ಗಳನ್ನೂ ಬೈಂಡರ್ ಪಟ್ಟಿಯ ಕ್ರಮದಲ್ಲೇ ಇಟ್ರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡೋಕೆ ಆಗುತ್ತೆ.

ಕಾಪಿಬುಕ್ ಎಲ್ಲಾ ಸರಿ ಇದೆ, ಆದ್ರೂ ಸಬ್ಮಿಟ್ ಮಾಡಿದ ಜಾಬಲ್ಲಿ ಪ್ಯಾರಾಮೀಟರ್ ಬಾಲದಲ್ಲಿ ಕಸ ಬರುತ್ತೆ

ಸಿಎಲ್‌ಗೆ (ಸಿಸ್ಟಮ್‌ನ ಕಮಾಂಡ್ ಭಾಷೆ) ನಿಮ್ಮ ಪಿಆರ್ ಕಾಣಲ್ಲ, ಅದೇ ಕಥೆ. ಕಮಾಂಡ್ ಲೈನಿಂದ ಕಾಲ್ ಮಾಡಿದಾಗ ಅಕ್ಷರದ ಲಿಟರಲ್ 32ಕ್ಕಿಂತ ಚಿಕ್ಕದಿದ್ರೆ ಖಾಲಿ ಜಾಗ ತುಂಬಿ 32ರವರೆಗೆ ಕಳಿಸುತ್ತೆ, ಅದರಾಚೆ ಏನಿದೆಯೋ ದೇವ್ರೇ ಬಲ್ಲ. ನಂಬರ್ ಲಿಟರಲ್‌ಗೆ ನೀವೇ ಟೈಪ್ ಹೇಳ್ದಿದ್ರೆ ಪ್ಯಾಕ್ಡ್ 15 ಅಂಕಿ 5 ಡೆಸಿಮಲ್ ಆಗೇ ಹೋಗುತ್ತೆ. ಸಬ್ಮಿಟ್ ಜಾಬ್ ಒಳಗೆ ಕಾಲ್ ಹಾಕಿ 50 ಅಕ್ಷರದ ವೇರಿಯಬಲ್ ಕೊಟ್ರೂ ಅದು ಮೊದಲು ಲಿಟರಲ್ ಆಗುತ್ತೆ, ಬಾಲದ ಖಾಲಿ ಜಾಗ ಉದುರುತ್ತೆ. ಒಳಗೆ 20 ಅಕ್ಷರ ಮಾತ್ರ ಇದ್ರೆ ಆ ಕಡೆ ಬರೋದು 32, ನಿಮ್ಮ ಪಿಐ 50 ಅಂತ ನಂಬಿದೆ, ಉಳಿದ 18 ಬೈಟ್ ಕಸ. ಟೆಸ್ಟಲ್ಲಿ ಸುಮಾರು ಸಲ ಆ 18 ಖಾಲಿನೇ ಇರುತ್ತೆ, ಅದಕ್ಕೇ ಸಿಕ್ಕಿರಲ್ಲ.

ಪರಿಹಾರ: ಆ ಪ್ರೋಗ್ರಾಂಗೆ ಒಂದು ಕಮಾಂಡ್ ಮಾಡಿ. ಕಮಾಂಡ್ ಸೋರ್ಸಲ್ಲಿ ಪ್ರತಿ ಪ್ಯಾರಾಮೀಟರ್‌ನ ಟೈಪು ಉದ್ದ ಬರೀತೀರಲ್ಲ, ಅದೇ ಸಿಎಲ್ ಲೋಕದ ಪಿಆರ್ ಅನ್ಕೊಳ್ಳಿ. ಆ ಸೋರ್ಸನ್ನೂ ಕಾಪಿ ಮೆಂಬರ್ ಜೊತೇಲೇ ತಿದ್ಬೇಕು, ಕಂಪೈಲರ್ ಇದನ್ನ ಹೋಲಿಸಿ ನೋಡಲ್ಲ.

ನಮ್ಮಲ್ಲಿ ಮೂರು ಸಾವಿರ ಪ್ರೋಗ್ರಾಂ, ಎಲ್ಲಾ ಹಳೇ ಕಾಲ್ ಪಾರ್ಮ್. ಎಲ್ಲಿಂದ ಶುರು ಮಾಡೋದು?

ಎಲ್ಲಾ ಒಟ್ಟಿಗೆ ಮಾಡ್ತೀನಿ ಅಂತ ಪ್ರಾಜೆಕ್ಟ್ ಪ್ಲಾನ್ ಬರೀಬೇಡಿ, ಹೆಸರಿಡೋ ನಿಯಮಕ್ಕೇ ಮೂರು ಮೀಟಿಂಗ್ ಮಾಡೋದೂ ಬೇಡ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದಂಗೆ. ಮೊದಲು ಡಿಸ್ಪ್ಲೇ ಪ್ರೋಗ್ರಾಂ ರೆಫರೆನ್ಸ್ ಕಮಾಂಡನ್ನ ಇಡೀ ಲೈಬ್ರರಿ ಮೇಲೆ ಓಡ್ಸಿ ಔಟ್‌ಫೈಲ್‌ಗೆ ತಗೊಳ್ಳಿ, ಯಾವ ಪ್ರೋಗ್ರಾಂ ಹೆಚ್ಚು ಜನರಿಂದ ಕರೆಸ್ಕೊಳ್ಳುತ್ತೆ ಅಂತ ಎಣಿಸಿ. ವೇರಿಯಬಲ್‌ನಲ್ಲಿ ಹೆಸರಿಟ್ಟು ಕರೆಯೋದು ಅದರಲ್ಲಿ ಸಿಗಲ್ಲ, ಅದಕ್ಕೆ ಸೋರ್ಸಲ್ಲೇ ಹುಡುಕ್ಬೇಕು.

ಮೇಲಿನ ಹತ್ತು ತಗೊಳ್ಳಿ. ಪ್ರತಿಯೊಂದಕ್ಕೂ ಎಂಟ್ರಿ ಪಿಲಿಸ್ಟ್ ನೋಡಿ ಪಿಆರ್ ಬರೀರಿ, ಎಕ್ಸ್ಟ್‌ಪಿಜಿಎಂ ಹಾಕಿ ಕಾಪಿ ಮೆಂಬರಲ್ಲಿ ಇಡಿ, ಪ್ರೋಗ್ರಾಂ ಒಳಗೆ ಪಿಲಿಸ್ಟ್ ತೆಗ್ದು ಪಿಐ ಹಾಕಿ ಅದೇ ಮೆಂಬರ್ ಕಾಪಿ ಮಾಡಿ. ಪಿಲಿಸ್ಟಲ್ಲಿ ಪ್ಯಾರಾಮೀಟರ್ ಉದ್ದ ಬರ್ದಿರಲ್ಲ ಸುಮಾರು ಸಲ, ಅದು ಕೆಳಗೆಲ್ಲೋ ಮೂವ್ ಲೈನಲ್ಲಿ ಡಿಫೈನ್ ಆಗಿರುತ್ತೆ, ಕಂಪೈಲ್ ಲಿಸ್ಟಿಂಗ್‌ನ ಕ್ರಾಸ್ ರೆಫರೆನ್ಸ್ ನೋಡೇ ಬರೀರಿ, ನೆನಪಿಂದ ಬೇಡ. ಕರೆಯೋರನ್ನ ಅವತ್ತೇ ಮುಟ್ಬೇಕಿಲ್ಲ, ಹಳೇ ಕಾಲ್ ಹಂಗೇ ನಡಿಯುತ್ತೆ, ಮೆಮೊರಿಯಲ್ಲಿ ಎರಡೂ ಒಂದೇ. ಬೇರೆ ಯಾವ್ದೋ ಕೆಲಸಕ್ಕೆ ಆ ಸೋರ್ಸ್ ತೆಗೆದಾಗ ಕಾಲ್ ಅನ್ನ ಪಿಆರ್ ಕರೆಗೆ ಬದಲಾಯಿಸಿ. ಹಂಗೆ ಬದಲಾಯಿಸಿದಾಗ ಕಂಪೈಲರ್ ಬೈಯೋಕೆ ಶುರು ಮಾಡುತ್ತೆ, 7 ಅಂಕಿ ಬದಲು 9 ಅಂಕಿ ಕೊಟ್ಟಿದೀರಿ ಅಂತೆಲ್ಲ. ಬೇಜಾರಾಗ್ಬೇಡಿ, ಅವೆಲ್ಲ ಇಷ್ಟು ವರ್ಷ ಅಲ್ಲೇ ಇದ್ದ ತಪ್ಪುಗಳು.

ಆರ್‌ಪಿಜಿ 3 ಸೋರ್ಸಿದ್ರೆ ಮೊದಲು ಕನ್ವರ್ಟ್ ಆರ್‌ಪಿಜಿ ಸೋರ್ಸ್ ಕಮಾಂಡ್. ಅದು ಸ್ಪೆಕ್ ರೂಪ ಮಾತ್ರ ಬದಲಾಯಿಸುತ್ತೆ, ಕಾಲ್ ಪಾರ್ಮ್ ಹಂಗೇ ಬಿಡುತ್ತೆ.

ಕೋಬಾಲಿಂದಲೂ ಕರೀತಾರೆ, ಅವರಿಗೆ ನಮ್ಮ ಕಾಪಿಬುಕ್ ಆಗಲ್ವಲ್ಲ?

ಆಗಲ್ಲ. ಅವರ ಕಾಪಿಬುಕ್ ಬೇರೇನೇ ಬರೀಬೇಕು, ಅವರ ಕಡೆ ವರ್ಕಿಂಗ್ ಸ್ಟೋರೇಜ್ ಸೆಕ್ಷನ್‌ಗೆ (ಕೋಬಾಲ್ ಪ್ರೋಗ್ರಾಂ ತನ್ನ ವೇರಿಯಬಲ್ ಇಡೋ ಜಾಗ) ಹೊಂದೋ ಹಂಗೆ. ಎರಡೂ ಮೆಂಬರ್ ತಲೇಲಿ ಜೋಡಿ ಯಾವುದು ಅಂತ ಕಾಮೆಂಟ್ ಹಾಕಿ. ಪ್ಯಾರಾಮೀಟರನ್ನ ಅಕ್ಷರ, ಪ್ಯಾಕ್ಡ್, ಝೋನ್ಡ್, ಇಂಟಿಜರ್ ಇಷ್ಟಕ್ಕೇ ಸೀಮಿತ ಮಾಡಿ, ವೇರಿಂಗ್ (ಉದ್ದ ಬದಲಾಗೋ) ಅಕ್ಷರ ಕಳಿಸಿದ್ರೆ ಮೊದಲ 2 ಬೈಟಲ್ಲಿ ಇರೋದು ಉದ್ದ ಅಂತ ಅವರಿಗೆ ನೆನಪಿಸ್ಬೇಕಾಗುತ್ತೆ.

ಸೋರ್ಸ್ ಎಲ್ಲಾ ಐಎಫ್‌ಎಸ್‌ಗೆ, ಗಿಟ್‌ಗೆ ಹಾಕ್ತಿದೀವಿ. ಕಾಪಿ ಲೈನ್‌ಗಳ ಗತಿ ಏನು?

ಐಎಫ್‌ಎಸ್ ಅಂದ್ರೆ ಮಾಮೂಲಿ ಫೋಲ್ಡರ್ ಇರೋ ಫೈಲ್ ಸಿಸ್ಟಮ್, ಹಂಗಾಗಿ ಕಾಪಿ ಲೈನಲ್ಲಿ ಕೋಟ್ ಒಳಗೆ ಪಾತ್ ಬರೀಬಹುದು. ಪೂರ್ತಿ ಪಾತ್ ಬರೀಬೇಡಿ, ಲೈಬ್ರರಿ ಹೆಸರು ಹಾಕ್ಬೇಡಿ ಅಂದ ಅದೇ ಕಾರಣ, ಪಕ್ಕದವರ ಫೋಲ್ಡರ್ ಬೇರೆ ಇರುತ್ತೆ. ರಿಲೇಟಿವ್ ಪಾತ್ ಬರ್ದು, ಕಂಪೈಲ್ ಕಮಾಂಡಿನ ಇಂಕ್‌ಡಿರ್‌ನಲ್ಲಿ ಎಲ್ಲಿ ಹುಡುಕ್ಬೇಕು ಅಂತ ಹೇಳಿ. 10 ಅಕ್ಷರದ ಕಾಟ ಹೋಯ್ತು, ಈಗ ಹೆಸರು ಬಿಡಿಸಿ ಬರೀಬಹುದು, ಆದ್ರೆ ಎಲ್ಲಾ ಒಂದೇ ದಿನ ಮರುನಾಮಕರಣ ಮಾಡ್ಬೇಡಿ. ಮೊದಲು ಹಳೇ ಹೆಸರಲ್ಲೇ ಸಾಗ್ಸಿ, ಒಂದ್ಸಲ ಪೂರ್ತಿ ಬಿಲ್ಡ್ ಆಗ್ಲಿ. ಅರ್ಧ ಕೋಡ್ ಐಎಫ್‌ಎಸ್‌ನಲ್ಲಿ ಅರ್ಧ ಸೋರ್ಸ್ ಫೈಲಲ್ಲಿ ಇರೋ ದಿನಗಳಲ್ಲಿ ಕಾಪಿ ಮೆಂಬರ್ ಎರಡೂ ಕಡೆ ಇಡೋ ಆಸೆ ಬರುತ್ತೆ. ಅಲ್ಲಿಗೆ ಮೂರನೇ ಪ್ರಶ್ನೆಯ ಪ್ಯಾಕ್ಡ್ 9 ಅಂಕಿ ಕಥೆಗೇ ವಾಪಸ್ ಬಂದ್ವಿ. ಐಎಫ್‌ಎಸ್‌ನಲ್ಲಿ ಒಂದೇ ಇಡಿ, ಸೋರ್ಸ್ ಫೈಲ್‌ನ ಹಳೇ ಮೆಂಬರ್ ಒಳಗೆ ಆ ಪಾತ್‌ಗೆ ಒಂದು ಇನ್‌ಕ್ಲೂಡ್ ಲೈನ್ ಬಿಟ್ಟು ಉಳಿದಿದ್ದೆಲ್ಲ ಅಳ್ಸಿ.